ಹೆಡ್ ಗ್ಯಾಸ್ಕೆಟ್: ಹಳೇ ಥಾರ್ ಕೊಳ್ಳುವ ಮುನ್ನ, ಘಾಟಿ ಹತ್ತುವ ಮುನ್ನ

ಈ ವಾರದ ಪ್ರಶ್ನೆ ಬಾಣಸವಾಡಿಯಿಂದ ಬಂದಿದೆ. ಬರೆದವರು ಐಟಿ ಕೆಲಸದಲ್ಲಿರುವ ಯುವಕ. ಅವರ ಮಾತಲ್ಲೇ ಕೇಳಿ: ‘2017ರ ಡೀಸೆಲ್ ಥಾರ್ ಒಂದು ನೋಡಿದೀನಿ ಸರ್. 92 ಸಾವಿರ ಓಡಿದೆ. ಕೂಲೆಂಟ್ ಆಗಾಗ ಸ್ವಲ್ಪ ಕಮ್ಮಿ ಆಗುತ್ತೆ, ಟಾಪ್ ಅಪ್ ಮಾಡಿದ್ರೆ ಸಾಕು ಅಂತಾರೆ ಓನರ್. ನಮ್ಮ ಮೆಕ್ಯಾನಿಕ್ ಮಾತ್ರ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಬಿಟ್ಬಿಡಿ ಅಂತಿದಾರೆ. ಅಪ್ಪ ಅಮ್ಮನ್ನ ಕೊಲ್ಲೂರಿಗೆ ಕರ್ಕೊಂಡು ಹೋಗ್ಬೇಕು ಅಂತಾನೇ ಮೂರು ವರ್ಷದಿಂದ ದುಡ್ಡು ಕೂಡಿಟ್ಟಿದೀನಿ. ಈ ಹೆಡ್ ಗ್ಯಾಸ್ಕೆಟ್ ಎಷ್ಟು ಕಿಲೋಮೀಟರ್ ಬಾಳುತ್ತೆ? ತಗೊಳ್ಳಲಾ, ಬೇಡವಾ?’

ಕೇಳಿದ್ದು ಒಬ್ಬರು. ಆದರೆ ಕಮ್ಮನಹಳ್ಳಿ, ಕಲ್ಯಾಣನಗರ, ಹೊರಮಾವು, ರಾಮಮೂರ್ತಿನಗರದ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಇಳಿದು ನೋಡಿ. ಥಾರ್, ಬೊಲೆರೊ, ಸ್ಕಾರ್ಪಿಯೊ, ಗೂರ್ಖಾ ಸಾಲಾಗಿ ನಿಂತಿರುತ್ತವೆ. ವಾರವಿಡೀ ಟಿನ್ ಫ್ಯಾಕ್ಟರಿ, ಹೆಬ್ಬಾಳದ ಟ್ರಾಫಿಕ್‌ನಲ್ಲಿ ತೆವಳಿ, ಶುಕ್ರವಾರ ರಾತ್ರಿ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೊರಡುವ ಗಾಡಿಗಳು. ಇವೆಲ್ಲದರ ಎಂಜಿನ್ನಿನಲ್ಲೂ ಈ ತೆಳು ತಗಡು ಇದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಏನಿದು ಹೆಡ್ ಗ್ಯಾಸ್ಕೆಟ್?

ಎಂಜಿನ್ ಅಂದರೆ ಮುಖ್ಯವಾಗಿ ಎರಡು ಭಾಗ. ಕೆಳಗೆ ಪಿಸ್ಟನ್ ಓಡಾಡುವ ಬ್ಲಾಕ್, ಮೇಲೆ ವಾಲ್ವ್‌ಗಳಿರುವ ಹೆಡ್. ಇವೆರಡರ ನಡುವೆ ಕೂರುವುದೇ ಹೆಡ್ ಗ್ಯಾಸ್ಕೆಟ್. ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ಇದು ಮೂರು ಕೆಲಸ ಒಟ್ಟಿಗೆ ಮಾಡಬೇಕು: ಸಿಲಿಂಡರಿನೊಳಗಿನ ಬೆಂಕಿಯ ಒತ್ತಡ ಹೊರಗೆ ಹೋಗದಂತೆ ತಡೆಯಬೇಕು, ಬ್ಲಾಕ್‌ನಿಂದ ಹೆಡ್‌ಗೆ ಹರಿಯುವ ಕೂಲೆಂಟ್ ಸೋರಬಾರದು, ಅದೇ ದಾರಿಯಲ್ಲಿ ಹರಿಯುವ ಆಯಿಲ್ ಕೂಲೆಂಟಿಗೆ ಬೆರೆಯಬಾರದು.

ಡೀಸೆಲ್‌ನಲ್ಲಿ ಈ ಕೆಲಸ ಇನ್ನೂ ಕಷ್ಟ. ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿಯೇ ಡೀಸೆಲ್ ಹೊತ್ತಿಸಬೇಕು. ಟರ್ಬೊ ಇರುವ ಕಾಮನ್ ರೈಲ್ ಡೀಸೆಲ್‌ನಲ್ಲಿ ಸಿಲಿಂಡರಿನೊಳಗಿನ ಗರಿಷ್ಠ ಒತ್ತಡ 150 ಬಾರ್ ಮುಟ್ಟುವುದು ಸಾಮಾನ್ಯ. 85 ಮಿಲಿಮೀಟರ್ ವ್ಯಾಸದ ಸಿಲಿಂಡರ್ ಮೇಲೆ 150 ಬಾರ್ ಅಂದರೆ ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಸುಮಾರು ಎಂಟೂವರೆ ಟನ್. ಎಂಜಿನ್ 2000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಪ್ರತಿ ಸಿಲಿಂಡರ್‌ನಲ್ಲೂ ನಿಮಿಷಕ್ಕೆ ಸಾವಿರ ಸಲ ಈ ಏಟು ಬೀಳುತ್ತದೆ. ಇದನ್ನು ತಡೆಯುವುದು ಹೆಡ್ ಬೋಲ್ಟ್‌ಗಳ ಬಿಗಿತ ಮತ್ತು ಈ ತಗಡು, ಅಷ್ಟೇ.

ಇನ್ನೊಂದು ಸಂಕಟ ಹಿಗ್ಗುವಿಕೆಯದು. ಬಹುತೇಕ ಈಗಿನ ಡೀಸೆಲ್‌ಗಳಲ್ಲಿ ಹೆಡ್ ಅಲ್ಯೂಮಿನಿಯಂ. ಅನೇಕ ಎಂಜಿನ್‌ಗಳಲ್ಲಿ ಬ್ಲಾಕ್ ಇನ್ನೂ ಎರಕದ ಕಬ್ಬಿಣವೇ. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅರ್ಧ ಮೀಟರ್ ಉದ್ದದ ಹೆಡ್ 20 ಡಿಗ್ರಿಯಿಂದ 90 ಡಿಗ್ರಿಗೆ ಬಂದಾಗ ಅದರ ಕೆಳಗಿನ ಬ್ಲಾಕ್‌ಗಿಂತ ಸುಮಾರು 0.4 ಮಿಲಿಮೀಟರ್ ಹೆಚ್ಚು ಉದ್ದವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಹಿಗ್ಗು, ರಾತ್ರಿ ತಣ್ಣಗಾದಾಗ ಒಮ್ಮೆ ಕುಗ್ಗು. ನಡುವೆ ಸಿಕ್ಕಿರುವ ಗ್ಯಾಸ್ಕೆಟ್ ದಿನಾ ಈ ತಿಕ್ಕಾಟ ಸಹಿಸಬೇಕು.

ಹಿಂದೆ ಕಲ್ನಾರು ಬೆರೆಸಿದ ಗ್ಯಾಸ್ಕೆಟ್ ಬರುತ್ತಿತ್ತು, ಆಮೇಲೆ ಗ್ರಾಫೈಟ್ ಬಂತು. ಈಗ ಹೆಚ್ಚಾಗಿ ಎಂಎಲ್‌ಎಸ್, ಅಂದರೆ ಸ್ಪ್ರಿಂಗ್‌ನಂತೆ ಉಬ್ಬು ಇರುವ ಸ್ಟೀಲ್ ತಗಡುಗಳನ್ನು ಪದರ ಪದರವಾಗಿ ಜೋಡಿಸಿದ್ದು. ಗಟ್ಟಿ, ಬಾಳಿಕೆಯೂ ಹೆಚ್ಚು. ಆದರೆ ಅದು ಕೂರುವ ಮೇಲ್ಮೈ ಕನ್ನಡಿಯಷ್ಟು ಸಪಾಟಾಗಿರಬೇಕು. ಹಳೇ ಕಾಲದ ಗ್ಯಾಸ್ಕೆಟ್ ಕ್ಷಮಿಸುತ್ತಿದ್ದ ಗೀರು, ಡೊಂಕನ್ನು ಇದು ಕ್ಷಮಿಸುವುದಿಲ್ಲ.

ಜೀಪಿನಿಂದ ಥಾರ್‌ವರೆಗೆ

ಮಹೀಂದ್ರಾದವರು ವಿಲ್ಲಿಸ್ ಜೀಪ್ ಜೋಡಿಸಲು ಶುರು ಮಾಡಿದ್ದು 1947ರಲ್ಲಿ. ಡೀಸೆಲ್ ಬಂದದ್ದು ಆಮೇಲೆ. ಎಂಎಂ 540 ಜೀಪಿನಲ್ಲಿದ್ದದ್ದು ಪೆಜೊ ಮೂಲದ 2112 ಸಿಸಿ ಡೀಸೆಲ್. ನಂತರದ 2523 ಸಿಸಿ ಡಿಐ ಎಂಜಿನ್ನಿನ ಬೇರು ಟ್ರ್ಯಾಕ್ಟರ್‌ನಲ್ಲಿದೆ. 2010ರಲ್ಲಿ ಥಾರ್ ಬಂದಾಗ ಎರಡು ಡೀಸೆಲ್ ಸಿಗುತ್ತಿದ್ದವು: 63 ಎಚ್‌ಪಿಯ ಡಿಐ, 105 ಎಚ್‌ಪಿಯ 2498 ಸಿಸಿ ಸಿಆರ್‌ಡಿಇ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಹೊಸ ಥಾರ್‌ನಲ್ಲಿ 2184 ಸಿಸಿ ಎಂಹಾಕ್, 130 ಎಚ್‌ಪಿ.

ಈಗ ಭಾಗಿಸಿ ನೋಡಿ. ಡಿಐಗೆ ಲೀಟರಿಗೆ 25 ಎಚ್‌ಪಿ, ಸಿಆರ್‌ಡಿಇಗೆ 42, ಎಂಹಾಕ್‌ಗೆ ಸುಮಾರು 60. ಎಂಜಿನ್ ಚಿಕ್ಕದಾಗುತ್ತಾ, ಶಕ್ತಿ ಹೆಚ್ಚುತ್ತಾ ಬಂದಿದೆ. ಅಷ್ಟೇ ಜಾಗದಲ್ಲಿ ಹೆಚ್ಚು ಒತ್ತಡ, ಹೆಚ್ಚು ಬಿಸಿ. ಕಂಪನಿಯವರು ಅದಕ್ಕೆ ತಕ್ಕ ಗ್ಯಾಸ್ಕೆಟ್, ಬೋಲ್ಟ್, ಕೂಲಿಂಗ್ ಲೆಕ್ಕ ಹಾಕಿಯೇ ಕೊಟ್ಟಿರುತ್ತಾರೆ. ಆದರೆ ಹಳೇ ಜೀಪು ಬಿಸಿಯಾದರೆ ಬೀಡಿ ಹಚ್ಚಿ, ನೀರು ಸುರಿದು, ಮತ್ತೆ ಹತ್ತಿಸುತ್ತಿದ್ದ ಅಭ್ಯಾಸ ಇಲ್ಲಿ ನಡೆಯಲ್ಲ.

ಇಲ್ಲಿ ಅಂಗಡಿಯಲ್ಲಿ ಟ್ಯೂನಿಂಗ್ ಬಾಕ್ಸ್ ಹಾಕಿಸಿ, ರೀಮ್ಯಾಪ್ ಮಾಡಿಸಿ ಶಕ್ತಿ ಏರಿಸುವವರಿಗೆ ಒಂದು ಮಾತು. ಏರಿದ ಶಕ್ತಿಯ ಜೊತೆ ಸಿಲಿಂಡರಿನ ಒತ್ತಡವೂ ಏರುತ್ತದೆ. ಹೆಡ್ ಬೋಲ್ಟ್ ಮಾತ್ರ ಹಳೆಯದೇ. ಅಮೆರಿಕದಲ್ಲಿ 2003ರಿಂದ ಬಂದ ಫೋರ್ಡ್ ಪಿಕಪ್‌ಗಳ 6.0 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್ ಇದೇ ಕಾರಣಕ್ಕೆ ಕುಖ್ಯಾತ. ಒತ್ತಡ ಹೆಚ್ಚಾದಾಗ ಹೆಡ್ ಬೋಲ್ಟ್ ಹಿಗ್ಗಿ, ಹೆಡ್ ಕೂದಲೆಳೆಯಷ್ಟು ಎದ್ದು, ಗ್ಯಾಸ್ಕೆಟ್ ಹೋಗುತ್ತಿತ್ತು. ಟ್ಯೂನ್ ಮಾಡಿಸಿದ ಗಾಡಿಗಳಲ್ಲಂತೂ ಇನ್ನೂ ಬೇಗ.

ಹಾಗಾದರೆ ಎಷ್ಟು ಕಿಲೋಮೀಟರ್?

ನೇರ ಉತ್ತರ: ಹೆಡ್ ಗ್ಯಾಸ್ಕೆಟ್‌ಗೆ ಎಕ್ಸ್‌ಪೈರಿ ಡೇಟ್ ಇಲ್ಲ. ಫಿಲ್ಟರ್, ಬೆಲ್ಟ್ ಥರ ಇಷ್ಟು ಕಿಲೋಮೀಟರಿಗೆ ಬದಲಿಸಿ ಅಂತ ಸರ್ವಿಸ್ ಪುಸ್ತಕದಲ್ಲಿ ಇರುವುದಿಲ್ಲ. ಎಂಜಿನ್ ಇರುವಷ್ಟು ಕಾಲ ಅದೂ ಇರಲಿ ಅಂತಲೇ ಮಾಡಿರುತ್ತಾರೆ. ಬಿಸಿಯಾಗದಂತೆ ನೋಡಿಕೊಂಡ ಡೀಸೆಲ್ ಗಾಡಿಗಳು ಎರಡು, ಮೂರು ಲಕ್ಷ ಕಿಲೋಮೀಟರ್ ಹೆಡ್ ಬಿಚ್ಚದೇ ಓಡಿವೆ. ಒಂದೇ ಒಂದು ಸಲ ಕೆಂಪು ಗೆರೆ ದಾಟಿಸಿ ಹತ್ತು ಕಿಲೋಮೀಟರ್ ಓಡಿಸಿದ ಗಾಡಿ 40 ಸಾವಿರಕ್ಕೇ ಹೋಗಬಹುದು.

ಆಫ್‌ರೋಡ್ ಗಾಡಿಗೆ ಇನ್ನೊಂದು ಲೆಕ್ಕ ಇದೆ. ಓಡೋಮೀಟರ್ ಅರ್ಧ ಸತ್ಯ ಮಾತ್ರ ಹೇಳುತ್ತದೆ. ಹೈವೇಯಲ್ಲಿ ಗಂಟೆಗೆ 80ರಂತೆ ಒಂದು ಲಕ್ಷ ಕಿಲೋಮೀಟರ್ ಅಂದರೆ 1250 ಗಂಟೆ. ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ಗಂಟೆಗೆ 20ರಂತೆ ಅದೇ ಲಕ್ಷ ಅಂದರೆ 5000 ಗಂಟೆ. ಎಂಜಿನ್ ಸವೆಯುವುದು ಗಂಟೆಯ ಲೆಕ್ಕದಲ್ಲಿ, ಬಿಸಿಯಾಗಿ ತಣ್ಣಗಾದ ಸಲದ ಲೆಕ್ಕದಲ್ಲಿ. ಹಾಗಾಗಿ 92 ಸಾವಿರ ಅನ್ನುವ ಅಂಕಿ ನೋಡಿ ಖುಷಿಪಡಬೇಡಿ, ಹೆದರಲೂ ಬೇಡಿ.

ಕೊಡಚಾದ್ರಿಯ ದಾರಿ ನೆನಪಿಸಿಕೊಳ್ಳಿ. ಕೊಲ್ಲೂರಿನಿಂದ 1343 ಮೀಟರ್ ಎತ್ತರದ ಆ ಬೆಟ್ಟಕ್ಕೆ ಜೀಪುಗಳು ಹತ್ತುವುದು ಕಲ್ಲು ಕೊರಕಲಿನ ಹಾದಿಯಲ್ಲಿ, ಫಸ್ಟ್, ಸೆಕೆಂಡ್ ಗೇರಿನಲ್ಲಿ. ಮಡಿಕೇರಿಯ ಮಾಂದಲಪಟ್ಟಿಗೂ ಹಾಗೆಯೇ. ಅಲ್ಲಿ ಎಂಜಿನ್ ಪೂರ್ತಿ ದಮ್ಮು ಕಟ್ಟಿ ಎಳೆಯುತ್ತಿರುತ್ತದೆ, ಗಾಡಿಯ ವೇಗ ಮಾತ್ರ ನಡಿಗೆಗಿಂತ ಸ್ವಲ್ಪ ಹೆಚ್ಚು. ಮುಂದಿನಿಂದ ರೇಡಿಯೇಟರಿಗೆ ಗಾಳಿ ಬರುವುದಿಲ್ಲ. ತಣ್ಣಗಾಗಿಸುವ ಹೊಣೆ ಎಲ್ಲಾ ಫ್ಯಾನ್ ಮೇಲೆ. ಆ ಫ್ಯಾನಿನ ಕ್ಲಚ್ ದುರ್ಬಲವಾಗಿದ್ದರೆ ಹೈವೇಯಲ್ಲಿ ಗೊತ್ತೇ ಆಗಲ್ಲ, ಬೆಟ್ಟದಲ್ಲಿ ಮಾನ ಕಳೆಯುತ್ತದೆ.

ಗ್ಯಾಸ್ಕೆಟ್ ತಾನಾಗಿ ಹೋಗುವುದು ಕಮ್ಮಿ

ಬಹಳಷ್ಟು ಸಲ ಬೇರೇನೋ ಕೆಟ್ಟು, ಗ್ಯಾಸ್ಕೆಟ್ ಅದಕ್ಕೆ ಬಲಿಯಾಗಿರುತ್ತದೆ. ನಮ್ಮ ಕಡೆ ಹೆಚ್ಚಾಗಿ ಕಾಣುವ ಕಾರಣಗಳು:

ಕೆಸರು. ಆಫ್‌ರೋಡ್ ಮುಗಿಸಿ ಬಾಡಿ ತೊಳೆಸುತ್ತೇವೆ, ರೇಡಿಯೇಟರ್ ರೆಕ್ಕೆಗಳ ನಡುವಿನ ಮಣ್ಣು ಹಾಗೇ ಒಣಗಿ ಇಟ್ಟಿಗೆಯಾಗುತ್ತದೆ. ಹಗುರ ಒತ್ತಡದ ನೀರಿನಲ್ಲಿ, ಎಂಜಿನ್ ತಣ್ಣಗಿದ್ದಾಗ ತೊಳೆಯಬೇಕು. ಜೋರು ಪ್ರೆಷರ್ ಹಿಡಿದರೆ ರೆಕ್ಕೆಗಳೇ ಮಡಚಿಕೊಳ್ಳುತ್ತವೆ.

ಬೋರ್‌ವೆಲ್ ನೀರು. ನಮ್ಮ ಪೂರ್ವ ಬೆಂಗಳೂರಿನ ಬೋರ್ ನೀರು ಗೀಸರ್ ಒಳಗೆ ಬಿಳಿ ಪದರ ಕಟ್ಟುವುದು ನಿಮಗೇ ಗೊತ್ತು. ಅದೇ ನೀರು ರೇಡಿಯೇಟರಿಗೆ ಹಾಕಿದರೆ ಅದೇ ಪದರ ಎಂಜಿನ್ ಒಳಗೆ ಕಟ್ಟುತ್ತದೆ. ಕೂಲೆಂಟ್ ಜೊತೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸಿ.

ಥರ್ಮೋಸ್ಟಾಟ್ ಕಿತ್ತು ಹಾಕುವುದು. ‘ಬಿಸಿ ಆಗ್ತಿದೆ, ತೆಗೆದುಬಿಡೋಣ’ ಅನ್ನುವ ಸಲಹೆ ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುತ್ತದೆ. ಅದು ರೋಗ ಬಿಟ್ಟು ಥರ್ಮಾಮೀಟರ್ ಒಡೆದ ಹಾಗೆ. ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ, ಮೂಲ ತೊಂದರೆ ಅಲ್ಲೇ ಉಳಿಯುತ್ತದೆ.

ಸಡಿಲ ಕ್ಯಾಪ್. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ 1930 ಮೀಟರ್‌ನಲ್ಲಿ 94ರ ಆಸುಪಾಸಿಗೇ. ಎಂಜಿನ್ ಓಡುವುದು 90ರ ಸುತ್ತಮುತ್ತ! ಕುದಿಯದಂತೆ ಕಾಪಾಡುವುದು ಕ್ಯಾಪ್ ಹಿಡಿದಿಡುವ ಒತ್ತಡ. 1.1 ಬಾರ್ ಹಿಡಿಯುವ ಕ್ಯಾಪ್ ಇದ್ದರೆ ಬರೀ ನೀರಿನ ಕುದಿಬಿಂದುವೂ ಸುಮಾರು 120ಕ್ಕೆ ಏರುತ್ತದೆ, ಕೂಲೆಂಟ್ ಬೆರೆತರೆ ಇನ್ನೂ ಮೇಲೆ. ಕ್ಯಾಪಿನ ರಬ್ಬರ್ ಒಣಗಿದ್ದರೆ ಈ ರಕ್ಷಣೆ ಹೋಯಿತು. ಇಡೀ ಎಂಜಿನ್ನಿನಲ್ಲಿ ಇಷ್ಟು ಅಗ್ಗದ, ಇಷ್ಟು ಮುಖ್ಯವಾದ ಭಾಗ ಇನ್ನೊಂದಿಲ್ಲ.

ಹಳ್ಳ ದಾಟುವುದು. ಹೊಸ ಥಾರ್‌ಗೆ ಕಂಪನಿ ಹೇಳುವ ನೀರಿನ ಆಳ 650 ಮಿಲಿಮೀಟರ್. ಅದಕ್ಕಿಂತ ಆಳಕ್ಕೆ ಇಳಿಸಿ, ಏರ್ ಇನ್‌ಟೇಕ್ ಮೂಲಕ ನೀರು ಸಿಲಿಂಡರ್ ಸೇರಿದರೆ ಪಿಸ್ಟನ್ ಅದನ್ನು ಒತ್ತಲಾಗದೆ ನಿಲ್ಲುತ್ತದೆ. ಆಗ ಗ್ಯಾಸ್ಕೆಟ್ ಚಿಕ್ಕ ನಷ್ಟ, ಕನೆಕ್ಟಿಂಗ್ ರಾಡ್ ಬಾಗುವುದು ದೊಡ್ಡದು. ನೀರಿನಲ್ಲಿ ಆಫ್ ಆದ ಡೀಸೆಲ್ ಗಾಡಿಯನ್ನು ಮತ್ತೆ ಸೆಲ್ಫ್ ಹೊಡೆಯಲೇಬೇಡಿ.

ಹೋಗಿದೆ ಅಂತ ಗೊತ್ತಾಗುವುದು ಹೇಗೆ?

ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಮ್ಮಿಯಾಗುವುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಿಲಿಂಡರ್ ತಡವರಿಸಿ, ಸಿಹಿ ವಾಸನೆಯ ಬಿಳಿ ಹೊಗೆ ಬರುವುದು. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗಿ ಎರಡು ಮೂರು ನಿಮಿಷಕ್ಕೇ ಮೇಲಿನ ಹೋಸ್ ಪೈಪ್ ಕಲ್ಲಿನಂತೆ ಬಿಗಿಯುವುದು. ಕೂಲೆಂಟ್ ಬಾಟಲಿನಲ್ಲಿ ನಿಲ್ಲದೆ ಗುಳ್ಳೆ ಏಳುವುದು. ಏರಿನಲ್ಲಿ ಮಾತ್ರ ಟೆಂಪರೇಚರ್ ಏರಿ, ಸಪಾಟಿನಲ್ಲಿ ಇಳಿಯುವುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಾಣುವುದು.

ಆದರೆ ಒಂದೇ ಲಕ್ಷಣ ಹಿಡಿದು ತೀರ್ಪು ಕೊಡಬೇಡಿ. ಮಳೆಗಾಲದಲ್ಲಿ ಮನೆಯಿಂದ ಆಫೀಸಿಗೆ ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಕ್ಯಾಪಿನ ಅಡಿ ತೆಳು ಹಳದಿ ನೊರೆ ಕಟ್ಟುತ್ತದೆ. ಅದು ಬರೀ ತೇವ. ಆಯಿಲ್ ಮತ್ತು ಕೂಲೆಂಟ್ ಬೆರೆತಿದ್ದರೆ ಆಯಿಲ್ ಕೂಲರ್ ಕೂಡ ಕಾರಣ ಇರಬಹುದು. ಬಿಳಿ ಹೊಗೆಯ ಜೊತೆ ಕೂಲೆಂಟ್ ಮಾಯವಾಗುತ್ತಿದ್ದರೆ ಇಜಿಆರ್ ಕೂಲರ್ ಒಳಗೇ ಸೋರುತ್ತಿರಬಹುದು. ಲಕ್ಷಣ ಒಂದೇ, ಆದರೆ ಅಲ್ಲಿ ಹೆಡ್ ಇಳಿಸುವ ಅಗತ್ಯವೇ ಇಲ್ಲ. ಇದನ್ನು ನೋಡದೆ ಹೆಡ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ, ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಗ್ಯಾರೇಜಿನ ಮುಂದೆ ನಿಲ್ಲುವವರು ಇದ್ದಾರೆ.

ಹಾಗಾಗಿ ಟೆಸ್ಟ್ ಮಾಡಿಸಿ. ಕೂಲಿಂಗ್ ಸಿಸ್ಟಂಗೆ ಪಂಪಿನಲ್ಲಿ ಒತ್ತಡ ಕೊಟ್ಟು ನಿಲ್ಲುತ್ತಾ ನೋಡುವುದು ಮೊದಲನೆಯದು. ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳೆಯುವುದು ಎರಡನೆಯದು. ಅಕ್ಕಪಕ್ಕದ ಎರಡು ಸಿಲಿಂಡರ್‌ನಲ್ಲಿ ಕಮ್ಮಿ ಬಂದರೆ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ರೇಡಿಯೇಟರಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ ಬಣ್ಣ ನೋಡುವ ಟೆಸ್ಟ್ ಮೂರನೆಯದು. ಡೀಸೆಲ್ ಐಡ್ಲಿಂಗ್‌ನಲ್ಲಿ ಅದರ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿ, ಆದ್ದರಿಂದ ಈ ಟೆಸ್ಟ್ ಮಾಡುವಾಗ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸ್ವಲ್ಪ ರೇಸ್ ಕೊಟ್ಟಿರಬೇಕು. ಬಣ್ಣ ಬದಲಾಗಲಿಲ್ಲ ಅಂದ ಮಾತ್ರಕ್ಕೆ ಪಾಸ್ ಅಂತಲ್ಲ.

ಘಾಟಿಯಲ್ಲಿ ಮುಳ್ಳು ಏರಿದರೆ

ಇದನ್ನು ಮನೆಯವರಿಗೂ ಹೇಳಿಕೊಡಿ. ಮೊದಲು ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಒಳಗೆ ಕೂತವರಿಗೆ ಹಿಂಸೆ, ಆದರೆ ಅದು ಎರಡನೇ ರೇಡಿಯೇಟರ್ ಇದ್ದ ಹಾಗೆ. ತಿರುವು ಬಿಟ್ಟು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಹಬೆ ಇಲ್ಲ, ಕೂಲೆಂಟ್ ಸೋರಿಲ್ಲ ಅಂದರೆ ಕೆಲವು ನಿಮಿಷ ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಫ್ಯಾನ್ ಕೆಲಸ ಮಾಡಲಿ. ಹಬೆ ಬರುತ್ತಿದ್ದರೆ ಅಥವಾ ಮುಳ್ಳು ಇನ್ನೂ ಏರುತ್ತಿದ್ದರೆ ತಕ್ಷಣ ಆಫ್ ಮಾಡಿ. ಮುಕ್ಕಾಲು ಗಂಟೆಯಾದರೂ ಕ್ಯಾಪ್ ಮುಟ್ಟಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ, ಹೆಡ್ ಸೀಳಬಹುದು.

ಏರಿದ ಮುಳ್ಳು ಏಕಾಏಕಿ ಸೊನ್ನೆಗೆ ಬಿದ್ದರೆ ‘ಸದ್ಯ, ತಣ್ಣಗಾಯ್ತು’ ಅಂದುಕೊಳ್ಳಬೇಡಿ. ಕೂಲೆಂಟ್ ಖಾಲಿಯಾಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತಿರಬಹುದು. ಅನೇಕ ಹೊಸ ಗಾಡಿಗಳ ಮುಳ್ಳು ಸಣ್ಣ ಏರಿಳಿತ ತೋರಿಸುವುದೂ ಇಲ್ಲ, ನಡುವೆಯೇ ನಿಂತು, ತಡವಾಗಿ ಒಮ್ಮೆಲೇ ಎಚ್ಚರಿಸುತ್ತದೆ. ಒಂದು ಓಬಿಡಿ ಡಾಂಗಲ್ ಹಾಕಿದರೆ ಫೋನ್‌ನಲ್ಲೇ ನಿಜವಾದ ಡಿಗ್ರಿ ಕಾಣುತ್ತದೆ. ಸಾಮಾನ್ಯವಾಗಿ 85ರಿಂದ 95 ಇರುತ್ತದೆ, ಉದ್ದ ಏರಿನಲ್ಲಿ 100 ಆದರೆ ಗಾಬರಿ ಬೇಡ, 105 ದಾಟಿ ಏರುತ್ತಲೇ ಇದ್ದರೆ ನಿಲ್ಲಿಸಿ.

ಬದಲಿಸಲೇಬೇಕಾದರೆ

ಗ್ಯಾಸ್ಕೆಟ್ ಬೆಲೆ ಬಿಲ್‌ನಲ್ಲಿ ಸಣ್ಣ ಸಾಲು. ಕೂಲಿ, ಲೇತ್ ಕೆಲಸ, ಜೊತೆಗೆ ಬದಲಿಸಬೇಕಾದ ಭಾಗಗಳೇ ದೊಡ್ಡ ಮೊತ್ತ. ಜೆ.ಸಿ. ರೋಡಿನಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಗ್ಯಾಸ್ಕೆಟ್ ತಂದು ಉಳಿಸುವ ಹಣ, ಮತ್ತೆ ಹೆಡ್ ಇಳಿಸುವ ಕೂಲಿಯ ಮುಂದೆ ಏನೂ ಅಲ್ಲ. ಕೆಲಸ ಕೊಡುವ ಮುನ್ನ ಮೆಕ್ಯಾನಿಕ್ ಅಣ್ಣನಿಗೆ ಐದು ಪ್ರಶ್ನೆ ಕೇಳಿ, ಮರ್ಯಾದೆಯಿಂದಲೇ ಕೇಳಿ:

1. ಹೆಡ್ ಡೊಂಕಾಗಿದೆಯಾ ಅಂತ ಪಟ್ಟಿ ಇಟ್ಟು, ಫೀಲರ್ ಗೇಜ್‌ನಲ್ಲಿ ಅಳೆಯುತ್ತೀರಾ? 0.1 ಮಿಲಿಮೀಟರ್ ಡೊಂಕೂ ಇಲ್ಲಿ ಹೆಚ್ಚೇ.

2. ಫೇಸಿಂಗ್‌ಗೆ ಮುಂಚೆ ಹೆಡ್ ಸೀಳಿದೆಯಾ ಅಂತ ಪ್ರೆಷರ್ ಟೆಸ್ಟ್ ಮಾಡಿಸುತ್ತೀರಾ?

3. ಸರಿಯಾದ ದಪ್ಪದ ಗ್ಯಾಸ್ಕೆಟ್ ಯಾವುದು? ಅನೇಕ ಡೀಸೆಲ್‌ಗಳಿಗೆ ಬೇರೆ ಬೇರೆ ದಪ್ಪದವು ಬರುತ್ತವೆ, ಪಿಸ್ಟನ್ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು ಆರಿಸಬೇಕು.

4. ಹೆಡ್ ಬೋಲ್ಟ್ ಹೊಸದು ಹಾಕುತ್ತೀರಾ? ಕೋನ ಅಳೆದು ಬಿಗಿಯುವ ಬೋಲ್ಟ್‌ಗಳು ಒಮ್ಮೆ ಹಿಗ್ಗಿದರೆ ಮುಗಿಯಿತು. ನಡುವಿನಿಂದ ಹೊರಕ್ಕೆ, ಕಂಪನಿ ಹೇಳಿದ ಕ್ರಮದಲ್ಲೇ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ‘ಕೈ ಅಂದಾಜು’ ಅಂದರೆ ಬೇರೆ ಗ್ಯಾರೇಜ್ ನೋಡಿ.

5. ಮೊದಲು ಬಿಸಿಯಾದದ್ದು ಯಾಕೆ? ಇದಕ್ಕೆ ಉತ್ತರ ಸಿಗದಿದ್ದರೆ ಹೊಸ ಗ್ಯಾಸ್ಕೆಟ್ಟೂ ಅದೇ ದಾರಿ ಹಿಡಿಯುತ್ತದೆ.

ರೇಡಿಯೇಟರಿಗೆ ಸುರಿಯುವ ಲೀಕ್ ಮುಚ್ಚುವ ಔಷಧ ಬೇಡ. ಅದು ರೇಡಿಯೇಟರ್, ಹೀಟರಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ. ಮಾರುವವರು ನಾಲ್ಕು ದಿನ ತಳ್ಳಲು ಹಾಕಿರುವುದೂ ಉಂಟು, ಬಾಟಲಿಯ ತಳದಲ್ಲಿ ಕಂದು ಗಸಿ ಕಂಡರೆ ಅನುಮಾನಿಸಿ. ಇನ್ಶೂರೆನ್ಸ್ ಇದೆಯಲ್ಲ ಅಂತಲೂ ನಿಶ್ಚಿಂತರಾಗಬೇಡಿ. ಸಾಮಾನ್ಯ ಪಾಲಿಸಿ ಮೆಕ್ಯಾನಿಕಲ್ ರಿಪೇರಿಗೆ ಕೊಡುವುದಿಲ್ಲ.

ಬಾಣಸವಾಡಿಯ ಓದುಗರಿಗೆ

ಓನರ್ ಮಾತು ನಂಬಿ ಕೊಳ್ಳಬೇಡಿ, ‘ಇರಬಹುದು’ ಅನ್ನುವ ಒಂದು ಮಾತಿಗೆ ಬಿಡಲೂ ಬೇಡಿ. ಬೆಳಿಗ್ಗೆ ಹೋಗಿ. ಗಾಡಿ ರಾತ್ರಿಯಿಡೀ ನಿಂತಿರಬೇಕು ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬಿಸಿಯಿದ್ದರೆ, ಯಾಕೆ ಮುಂಚೆಯೇ ಸ್ಟಾರ್ಟ್ ಮಾಡಿದಿರಿ ಅಂತ ಕೇಳಿ. ಕೂಲೆಂಟ್ ಮಟ್ಟದ ಫೋಟೊ ತೆಗೆದುಕೊಳ್ಳಿ. ತಣ್ಣಗಿನ ಸ್ಟಾರ್ಟ್ ನೋಡಿ, ಒಂದು ಗಂಟೆ ಟ್ರಾಫಿಕ್‌ನಲ್ಲೂ ಏರಿನಲ್ಲೂ ಓಡಿಸಿ. ನಂದಿ ಬೆಟ್ಟದ ತಿರುವುಗಳು ಒಳ್ಳೆಯ ಪರೀಕ್ಷೆ. ಪೂರ್ತಿ ತಣ್ಣಗಾದ ಮೇಲೆ ಮಟ್ಟವನ್ನು ಫೋಟೊ ಜೊತೆ ಹೋಲಿಸಿ. ಆಮೇಲೆ ಮೇಲಿನ ಟೆಸ್ಟ್‌ಗಳನ್ನು ನಿಮ್ಮ ಖರ್ಚಿನಲ್ಲೇ, ನಿಮ್ಮ ಮೆಕ್ಯಾನಿಕ್ ಎದುರಲ್ಲೇ ಮಾಡಿಸಿ. ಇದಕ್ಕೆ ಒಪ್ಪದ ಓನರ್ ನಿಮಗೆ ಆಗಲೇ ಉತ್ತರ ಕೊಟ್ಟ ಹಾಗೆ.

ಸೋರಿಕೆ ಹೋಸ್, ವಾಟರ್ ಪಂಪ್ ಅಥವಾ ಕ್ಯಾಪ್‌ನಲ್ಲಿ ಸಿಕ್ಕರೆ ಬೆಲೆ ಇಳಿಸಿ ಕೊಳ್ಳಿ. ಗ್ಯಾಸ್ಕೆಟ್ ಹೋಗಿರುವುದು ಖಚಿತವಾದರೆ, ಹೆಡ್ಡೇ ಸೀಳಿದ್ದರೂ ತಡೆದುಕೊಳ್ಳುವಷ್ಟು ಬೆಲೆ ಇಳಿದರೆ ಮಾತ್ರ ಮುಂದುವರಿಯಿರಿ. ಇಲ್ಲವಾದರೆ ಬಿಡಿ, ಥಾರ್ ಇನ್ನೊಂದು ಸಿಗುತ್ತದೆ.

ಕೊಂಡರೂ ಮೊದಲ ತಿಂಗಳೇ ಕೊಲ್ಲೂರು ಬೇಡ. ಬಾಣಸವಾಡಿಯಿಂದ ಅಲ್ಲಿಗೆ ನಾನೂರು ಕಿಲೋಮೀಟರ್‌ಗೂ ಹೆಚ್ಚು, ಕೊನೆಯಲ್ಲಿ ಕಾಡಿನ ಘಾಟಿ. ಎಷ್ಟೋ ಕಡೆ ಫೋನ್ ಸಿಗ್ನಲ್ ಕೂಡ ಇರಲ್ಲ. ಹಿಂದಿನ ಸೀಟಿನಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಅಲ್ಲಿ ನಿಲ್ಲುವ ಸ್ಥಿತಿ ಬರಬಾರದು. ಕೂಲೆಂಟ್, ಕ್ಯಾಪ್, ಹೋಸ್, ಬೆಲ್ಟ್ ಹೊಸದು ಮಾಡಿಸಿ, ಸಾವಿರ ಕಿಲೋಮೀಟರ್ ಓಡಿಸಿ, ಮಟ್ಟ ಇಳಿಯದಿದ್ದರೆ ಹೊರಡಿ. ಕೊಡಚಾದ್ರಿಗೆ ಮಾತ್ರ ನಿಮ್ಮ ಗಾಡಿಯನ್ನು ಕೆಳಗೇ ಬಿಟ್ಟು ಅಲ್ಲಿನ ಜೀಪು ಹತ್ತಿ. ಆ ದಾರಿಯ ಒಂದೊಂದು ಕಲ್ಲೂ ಆ ಡ್ರೈವರ್‌ಗಳಿಗೆ ಗೊತ್ತು.

ಮುಂದಿನ ವಾರ: ಹಳೇ ಗಾಡಿಯ ಟರ್ಬೊ ಶಿಳ್ಳೆ ಹೊಡೆದರೆ ಏನರ್ಥ? ಪ್ರಶ್ನೆ ಕಳಿಸುವಾಗ ಮಾಡೆಲ್, ವರ್ಷ, ಕಿಲೋಮೀಟರ್ ತಪ್ಪದೆ ಬರೆಯಿರಿ.